ಹದಿನಾಲ್ಕನೇ ಕೋಣೆ, ನಲವತ್ತೇಳನೇ ವಾರ

ಹದಿನಾಲ್ಕನೇ ಕೋಣೆ,
ಸರೋವರದ ರೆಸಾರ್ಟು,
ನವೆಂಬರ್ 18, ಮಂಗಳವಾರ ಮಧ್ಯಾಹ್ನ

ನನ್ನ ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಬಿಸ್ಕತ್ತಿನ ಕಾರ್ಖಾನೆಯ ಹಿಟ್ಟಿನ ಧೂಳು ನಿನಗೆ ಆಗಿಬರುತ್ತಿಲ್ಲ ಎಂದು ನಿನ್ನ ತಮ್ಮ ಹೇಳಿದಾಗಿನಿಂದ ನನಗೆ ಬಿಸ್ಕತ್ತು ಕಂಡರೇ ಸಿಟ್ಟು. ಮೂಗಿಗೆ ಬಟ್ಟೆಯಾದರೂ ಕಟ್ಟಿಕೊ. ಬರೀ ಹೊಟ್ಟೆಯಲ್ಲಿ ಕೆಲಸಕ್ಕೆ ಓಡಬೇಡ. ನನ್ನ ಆರೋಗ್ಯ ನೀನು ಕೇಳುವುದಿಲ್ಲ ಎಂದು ಗೊತ್ತು, ಆದರೂ ಹೇಳುತ್ತೇನೆ. ಬಲಗಾಲಿನ ಮಂಡಿ ನನ್ನ ಮಾತು ಕೇಳುವುದನ್ನು ಬಿಟ್ಟು ಎರಡು ವರ್ಷವಾಯಿತು. ಮೆಟ್ಟಿಲು ಹತ್ತುವಾಗ ಒಂದು ಕಾಲು ಮೊದಲು, ಇಳಿಯುವಾಗ ಇನ್ನೊಂದು ಮೊದಲು ಎಂದು ಡಾಕ್ಟರು ಕಲಿಸಿದ್ದಾರೆ. ಯಾವುದು ಯಾವಾಗ ಎಂದು ನಾನು ನಿಂತು ಯೋಚಿಸುವಷ್ಟರಲ್ಲಿ ಹಿಂದಿದ್ದವರೆಲ್ಲ ಮುಂದೆ ಹೋಗಿರುತ್ತಾರೆ. ಉಳಿದಂತೆ ಉಂಡು ತಿಂದು ಇದ್ದೇನೆ. ನಿನ್ನ ಫೋನ್ ನಂಬರು ನಿನ್ನ ತಮ್ಮನ ಹತ್ತಿರ ಇದೆ, ನನಗೆ ಕೊಡಬೇಡ ಎಂದು ಹೇಳಿದ್ದೀಯಂತೆ. ಅವನು ಕೊಟ್ಟಿಲ್ಲ. ನಾನೂ ಅವನ ಫೋನು ಕದ್ದು ನೋಡಿಲ್ಲ. ಒಮ್ಮೆ ನೋಡಲು ಹೋದದ್ದು ನಿಜ, ಅದಕ್ಕೆ ಏನೋ ಬೀಗ ಹಾಕಿತ್ತು. ಹೀಗಾಗಿ ಕಾಗದ ಬರೆಯುತ್ತಿದ್ದೇನೆ. ವಿಳಾಸ ಕೊಡಬೇಡ ಎಂದು ನೀನು ಹೇಳಿರಲಿಲ್ಲವಂತೆ.

ಸುತ್ತಿ ಬಳಸಿ ಹೇಳುವುದಿಲ್ಲ. ಈ ಲಕೋಟೆಯಲ್ಲಿ ಇನ್ನೊಂದು ಹಾಳೆ ಇದೆ, ಮುದ್ರೆ ಒತ್ತಿದ್ದು. ಅದರ ಕೊನೆಯಲ್ಲಿ ವಕೀಲರು ಪೆನ್ಸಿಲಿನಲ್ಲಿ ಗುಣಿಸು ಗುರುತು ಹಾಕಿದ್ದಾರೆ, ಅಲ್ಲಿ ನಿನ್ನ ಸಹಿ ಬೇಕು. ಈ ಕೋಣೆಯಲ್ಲಿ ನಮಗಿರುವ ವಾರವನ್ನು ನಿನ್ನ ತಮ್ಮನ ಕಂಪನಿಯ ಹೆಸರಿಗೆ ಮಾಡಿಕೊಡಬೇಕೆಂದಿದ್ದೇವೆ. ನನ್ನ ಹಾಳೆಗೆ ನಾನು ಸಹಿ ಹಾಕಿಯಾಗಿದೆ, ಅದು ನನ್ನ ಕೈಚೀಲದಲ್ಲಿದೆ. ನೀನೂ ಹಾಕಿದರೆ ವಾರ ಕಂಪನಿಗೆ ಹೋಗುತ್ತದೆ, ಈ ಕೋಣೆ ನಮ್ಮ ಕೈಬಿಡುತ್ತದೆ. ನೀನು ಹಾಕದಿದ್ದರೆ ಯಾವುದೂ ಅಲುಗಾಡುವುದಿಲ್ಲ. ಇಷ್ಟು ದಿನ ನಮ್ಮ ಮನೆಯಲ್ಲಿ ಯಾರೂ ನಿನ್ನ ಮಾತಿಗೆ ಕಿವಿಗೊಡಲಿಲ್ಲ ಎಂದು ನಿನಗೆ ಕೋಪವಿದೆ. ಈಗ ನೋಡು, ನೀನು ಹೂಂ ಎನ್ನದೆ ಒಂದು ಹುಲ್ಲುಕಡ್ಡಿಯೂ ಆಚೀಚೆ ಆಗುವಂತಿಲ್ಲ.

ಈ ವಾರ ನಮ್ಮ ಕೊರಳಿಗೆ ಬಿದ್ದ ಕಥೆ ನಿನಗೆ ಅರ್ಧಂಬರ್ಧ ನೆನಪಿರಬೇಕು. ನಿನಗಾಗ ಆರು ವರ್ಷ. ದೊಡ್ಡ ಅಂಗಡಿಯ ಬಾಗಿಲಲ್ಲಿ ಟೈ ಕಟ್ಟಿದ ಇಬ್ಬರು ನಿಂತು, ಒಂದೂವರೆ ಗಂಟೆ ನಮ್ಮ ಮಾತು ಕೇಳಿ, ಊಟ ಬಿಟ್ಟಿ, ಮೇಲೊಂದು ಕೊಡೆ ಎಂದರು. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಪೈಕಿ ನಿಮ್ಮಪ್ಪ. ಕೊಡೆಯ ಆಸೆಗೆ ಒಳಗೆ ಹೋದವರು ಒಂದು ವಾರದ ಒಡೆಯರಾಗಿ ಹೊರಗೆ ಬಂದರು. ವರ್ಷಕ್ಕೆ ಐವತ್ತೆರಡು ವಾರ, ಒಂದೊಂದು ವಾರ ಒಂದೊಂದು ಮನೆಯವರಿಗೆ, ನಲವತ್ತೇಳನೆಯದು ನಮಗೆ, ತಲೆಮಾರು ತಲೆಮಾರಿಗೂ. ಸರೋವರದಲ್ಲಿ ಈಜುವ ಬೇಸಿಗೆಯ ವಾರಗಳು ನಮ್ಮ ಕೈಗೆಟಕುವಂತಿರಲಿಲ್ಲ. ಬೆರಳು ಮರಗಟ್ಟುವ ನವೆಂಬರ್ ಸಿಕ್ಕಿತು. ಕಿಟಕಿ ತೆರೆದರೆ ಸರೋವರವೂ ಅಲ್ಲ, ಬಿಸಿನೀರಿನ ಬಾಯ್ಲರು ಮತ್ತು ಲಾಂಡ್ರಿಯ ಹಿಂಬಾಗಿಲು. ಒಗೆದ ಹಾಸಿಗೆ ಹೊದಿಕೆಗಳ ಗಾಡಿ ತಳ್ಳುವುದನ್ನು ನೋಡಲು ನಾವು ಇಷ್ಟು ದೂರ ಬರಬೇಕಿತ್ತೇ ಎಂದು ನಾನು ಮೊದಲ ವರ್ಷ ಅತ್ತಿದ್ದೆ. ನಿಮ್ಮಪ್ಪ ಬಾಯ್ಲರಿನ ಪೈಪುಗಳನ್ನು ನೋಡಿ ಬಹಳ ಚೆನ್ನಾಗಿದೆ ಎಂದರು. ನಲ್ಲಿ ಮೇಷ್ಟ್ರು ಎಂದು ಊರವರು ಸುಮ್ಮನೆ ಹೆಸರಿಟ್ಟಿರಲಿಲ್ಲ.

ರಜೆ ಎಂದು ಬಂದವರು ಮೊದಲ ದಿನವೇ ಸಿಂಕಿನ ಕೆಳಗೆ ಹೊಕ್ಕರು. ಐವತ್ತೆರಡರಲ್ಲಿ ಒಂದು ಪಾಲು ನಮ್ಮದು, ಉಳಿದ ಐವತ್ತೊಂದು ಮನೆಯವರಿಗೆ ನೀವೇಕೆ ನಲ್ಲಿ ರಿಪೇರಿ ಮಾಡಿಕೊಡಬೇಕು ಎಂದು ನಾನು ಕೇಳಿದರೆ, ಸೋರುವುದನ್ನು ಕೇಳಿಸಿಕೊಂಡು ನಿದ್ದೆ ಬರಲ್ಲ ಕಣೇ ಎಂದರು. ಕೆಲಸ ಮುಗಿದ ಮೇಲೆ ಸಿಂಕಿನ ಕೆಳಗಿನ ಪುಟ್ಟ ಬಾಗಿಲಿನ ಒಳಮೈಯಲ್ಲಿ ಪೆನ್ಸಿಲಿನಿಂದ ತಾರೀಖು, ವಾಶರ್ ಬದಲಾಯಿಸಿದೆ ಎಂದು ಬರೆದು ಕೆಳಗೆ 47 ಎಂದು ಹಾಕಿದರು. ನೀನು ಟಾರ್ಚ್ ಹಿಡಿದಿದ್ದೆ. ಮರುವರ್ಷ ಬಂದು ನೋಡಿದರೆ ಅದರ ಕೆಳಗೆ ಬೇರೆ ಯಾರೋ, ಧನ್ಯವಾದ, ಮಗು ಈಗ ನಿದ್ದೆ ಮಾಡುತ್ತದೆ, 12ನೇ ವಾರ ಎಂದು ಬರೆದಿದ್ದರು. ನೀನು ಅದನ್ನು ಓದಿ ಕುಣಿದಾಡಿದೆ. ಅಲ್ಲಿಂದ ಶುರುವಾಯಿತು ನಿಮ್ಮಿಬ್ಬರ ಹುಚ್ಚು. ಪ್ರತಿ ವರ್ಷ ಬಾಗಿಲು ತೆಗೆಯುವ ಅವಸರದಲ್ಲಿ ನೀವಿಬ್ಬರೂ ಬೂಟು ಬಿಚ್ಚದೆ ಒಳಗೆ ನುಗ್ಗುತ್ತಿದ್ದಿರಿ. ಒಬ್ಬರ ಮುಖ ಒಬ್ಬರು ನೋಡಿಲ್ಲ, ಹೆಸರು ಗೊತ್ತಿಲ್ಲ, ಬರೀ ವಾರದ ಸಂಖ್ಯೆ. ಆದರೂ ಮೂವತ್ತನೇ ವಾರದವರಿಗೆ ಅವಳಿ ಮಕ್ಕಳಾದದ್ದು, ಎಂಟನೇ ವಾರದವರು ಹೆಂಡತಿಯನ್ನು ಕಳೆದುಕೊಂಡದ್ದು ನಿಮ್ಮಿಂದ ನನಗೆ ಗೊತ್ತಾಗುತ್ತಿತ್ತು. ಕೋಣೆಗೆ ಮೂರು ಸಲ ಬಣ್ಣ ಬಳಿದರು, ಸಿಂಕಿನ ಕೆಳಗೆ ಬಗ್ಗುವ ಕಷ್ಟ ಯಾರೂ ತೆಗೆದುಕೊಳ್ಳಲಿಲ್ಲ. ನಾನೂ ಒಮ್ಮೆಯೂ ಬಗ್ಗಿ ಓದಲಿಲ್ಲ. ಅದು ನಿಮ್ಮ ಅಂಚೆ ಕಚೇರಿ, ನನಗೆ ಒಲೆಯ ಕಡೆ ಕೆಲಸವಿರುತ್ತಿತ್ತು. ನೀನು ಹೋದ ಮೇಲಂತೂ ಅವರು ಬಂದ ದಿನವೇ ನನ್ನನ್ನು ಸರೋವರದ ಕಡೆ ವಾಕಿಂಗಿಗೆ ಅಟ್ಟಿ, ಒಬ್ಬರೇ ಕೂತು ರಿಪೇರಿ ಮಾಡುತ್ತಿದ್ದರು.

ವಾರದ ಒಡೆತನದ ಪತ್ರದಲ್ಲಿ ನಿನ್ನ ಹೆಸರು ಸೇರಿದ್ದೂ ಇದೇ ಕೋಣೆಯಲ್ಲಿ. ನೀನು ಹದಿನೆಂಟಕ್ಕೆ ಕಾಲಿಟ್ಟ ವರ್ಷ ಈ ಸ್ನಾನದ ಮನೆಯ ಪೈಪು ನೀನೊಬ್ಬಳೇ ಬಿಚ್ಚಿ ಜೋಡಿಸಿದೆ. ನಿಮ್ಮಪ್ಪ ಜಾಯಿಂಟಿನ ಕೆಳಗೆ ಒಣ ಕಾಗದ ಹಾಸಿ ಬೆಳಗಿನವರೆಗೂ ಕಾದರು. ಒಂದು ಹನಿ ಬೀಳಲಿಲ್ಲ. ಆ ಕಾಗದ ಕೈಯಲ್ಲಿ ಹಿಡಿದುಕೊಂಡೇ ಆಫೀಸಿಗೆ ಹೋಗಿ ನಿನ್ನ ಹೆಸರು ಸೇರಿಸಿ ಬಂದರು. ನಿನ್ನ ತಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ, ಎಲ್ಲಾ ಆಗಿಹೋದ ಮೇಲೆ, ಇಲ್ಲಿನ ಮ್ಯಾನೇಜರು ಮಗಳು ಬರುತ್ತಿಲ್ಲವಲ್ಲ, ಹೆಸರು ತೆಗೆಸುತ್ತೀರಾ ಎಂದು ಫಾರಂ ಕೊಟ್ಟರು. ನಿಮ್ಮಪ್ಪ ಅದನ್ನು ಮುಟ್ಟಲೂ ಇಲ್ಲ. ಅವಳ ಹೆಸರು ಇರಲಿ ಎಂದರು, ಅಷ್ಟೇ. ನೀನು ಇದನ್ನು ತಿಳಿದುಕೊಳ್ಳಬೇಕು ಎಂದು ಬರೆದಿದ್ದೇನೆ.

ಮಾರ್ಚಿನಲ್ಲಿ ನಿಮ್ಮಪ್ಪ ಹೋದ ಮೇಲೆ ರೆಸಾರ್ಟಿನವರ ವಾರ್ಷಿಕ ಖರ್ಚಿನ ಚೀಟಿ ಅವರ ಹೆಸರಿಗೇ ಬಂತು. ನಿನ್ನ ತಮ್ಮ ಕರಾರುಪತ್ರ ತೆಗೆದು ಓದಿದ. ಇದು ನಮ್ಮೊಂದಿಗೆ ಮುಗಿಯುವುದಿಲ್ಲವಂತೆ, ನಮ್ಮ ನಂತರ ಮಕ್ಕಳ ತಲೆಗೆ, ಅವರ ನಂತರ ಅವರ ಮಕ್ಕಳ ತಲೆಗೆ. ಮೂಗಿಗಿಂತ ಮೂಗುತಿ ಭಾರ ಎಂದು ಅವನಿಗೆ ಗಾಬರಿಯಾಯಿತು, ಎರಡು ಮಕ್ಕಳ ತಂದೆ. ಅಪ್ಪನ ಕೆಲಸವನ್ನೇ ಅವನು ಪಂಪು ಪೈಪುಗಳ ಕಂಪನಿ ಮಾಡಿದ್ದಾನಲ್ಲ, ಅದರ ಹೆಸರಿಗೆ ವಾರವನ್ನು ಬರೆದರೆ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ, ಕೆಲಸಗಾರರೂ ವರ್ಷಕ್ಕೊಮ್ಮೆ ಬಂದು ಹೋಗಬಹುದು ಎಂದ. ಬೈಯಬೇಡ ಅವನನ್ನು. ಅವನು ಕೆಟ್ಟದ್ದಕ್ಕೆ ಹೇಳಲಿಲ್ಲ. ನನಗೂ ಅವರಿಲ್ಲದೆ ಇಲ್ಲಿ ಬಂದು ಬಾಯ್ಲರು ನೋಡುತ್ತಾ ಕೂರುವುದು ಯಾಕೆ ಬೇಕು ಎನ್ನಿಸಿತು. ಸರಿ, ವಕೀಲರ ಹತ್ತಿರ ಹೋದೆವು.

ವಕೀಲರು ನಿನ್ನ ವಯಸ್ಸಿನ ಹೆಂಗಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೇಜಿನ ಮೇಲೆ ಹುಡುಕುವವರು, ಆದರೆ ಕಾಗದದಲ್ಲಿ ಒಂದು ಅಕ್ಷರ ಬಿಡುವವರಲ್ಲ. ಒಂದು ಸಹಿಯ ಕೆಲಸ ಎಂದು ಹೋದ ನಮಗೆ ಅವರು ಬಿಚ್ಚಿಟ್ಟದ್ದು ನೋಡಿ ನಿನ್ನ ತಮ್ಮನ ಟೀ ಆರಿಹೋಯಿತು. ಮೊದಲು ತೀರಿಕೊಂಡವರ ಪಾಲು ವಾರಸುದಾರರ ಹೆಸರಿಗೆ ಬರಬೇಕು, ಸತ್ತವರು ಯಾರಿಗೂ ಏನನ್ನೂ ಬರೆದುಕೊಡಲಾರರು. ಆಮೇಲೆ ಪತ್ರದಲ್ಲಿ ಹೆಸರಿರುವ ಪ್ರತಿಯೊಬ್ಬರೂ ನೋಟರಿಯ ಮುಂದೆ ಸಹಿ ಹಾಕಬೇಕು, ಒಬ್ಬರ ಬದಲು ಇನ್ನೊಬ್ಬರು ಹಾಕುವಂತಿಲ್ಲ. ಆಮೇಲೆ ರೆಸಾರ್ಟಿನ ಸಂಘ ಒಪ್ಪಬೇಕು. ಅವರು ಕಂಪನಿ ಎಂದರೆ ಹುಬ್ಬು ಗಂಟಿಕ್ಕುತ್ತಾರಂತೆ. ಹೆಸರಿಗೆ ಮಾತ್ರ ಇರುವ ಟೊಳ್ಳು ಕಂಪನಿಗೆ ವಾರ ದಾಟಿಸಿ, ಕಂಪನಿಯನ್ನು ಮುಚ್ಚಿ, ಕೈತೊಳೆದುಕೊಂಡವರು ಬಹಳ ಜನ ಇದ್ದಾರಂತೆ. ಅದಕ್ಕೆ ಕಂಪನಿ ನಿಜವಾಗಿ ನಡೆಯುತ್ತಿದೆ ಎಂದು ತೋರಿಸಬೇಕು, ನಿರ್ದೇಶಕರು ಸಭೆ ಸೇರಿ ಠರಾವು ಮಾಡಬೇಕು, ಅದರ ಮೇಲೆ ನಿನ್ನ ತಮ್ಮ ಸ್ವಂತ ಜಾಮೀನೂ ಕೊಡಬೇಕು. ಯಾವುದರಿಂದ ತಪ್ಪಿಸಿಕೊಳ್ಳಲು ಹೊರಟನೋ ಅದೇ ಹಿಂಬಾಗಿಲಿಂದ ಒಳಗೆ ಬಂದು ಕೂತಿತು. ಆದರೂ ಅವನು ಜಾಮೀನು ತನಗೊಬ್ಬನಿಗೇ ಇರಲಿ, ಮಕ್ಕಳಿಗೆ ಬೇಡ ಎಂದು ಒಪ್ಪಿದ.

ಕೊನೆಯ ಮಾತು ನನಗೆ ಸರಿಯಾಗಿ ತಲೆಗೆ ಹೋಗಲಿಲ್ಲ, ಎರಡು ಸಲ ಹೇಳಿಸಿಕೊಂಡೆ. ಕಂಪನಿ ಎಂದರೆ ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿ ಇದ್ದ ಹಾಗಂತೆ, ಆಸ್ತಿ ಇಟ್ಟುಕೊಳ್ಳಬಹುದು, ದಾವೆ ಹೂಡಬಹುದು, ತಾನಾಗಿ ಸಾಯುವುದಿಲ್ಲ. ಹಾಗಿದ್ದರೆ ನಮ್ಮನೆಯವರೂ ಕಂಪನಿ ಆಗಿದ್ದರೆ ಚೆನ್ನಾಗಿತ್ತಲ್ಲಮ್ಮ ಎಂದೆ. ವಕೀಲರು ನಗಲಿಲ್ಲ, ನೀರು ಕೊಟ್ಟರು. ಆದರೆ ಆ ವ್ಯಕ್ತಿಗೆ ಬೆನ್ನಿಲ್ಲ, ಹಾಸಿಗೆಯ ಮೇಲೆ ಮಲಗುವುದಿಲ್ಲ. ಅದಕ್ಕೆ ಯಾರು ಬಂದು ಇರುತ್ತಾರೆ ಎಂದು ಪ್ರತಿ ವರ್ಷ ಹೆಸರು ಬರೆದು ಕೊಡಬೇಕು. ಇಂಥದ್ದೇ ಕೋಣೆ ಎನ್ನುವ ಹಕ್ಕು ಮನೆಯವರಿಗೆ ಮಾತ್ರ. ಕಂಪನಿಗೆ ಆ ವಾರ ಖಾಲಿ ಇರುವ ಯಾವುದಾದರೂ ಕೋಣೆ. ಅಂದರೆ ಹದಿನಾಲ್ಕು ಹೋಗುತ್ತದೆ. ಮಾಡಿದ ಮೇಲೆ ತಿರುಗಿ ಮಾಡಲು ಬರುವುದಿಲ್ಲ. ನಾನು ಆಯಿತು ಎಂದು ಸಹಿ ಹಾಕಿದೆ. ಸಂಘದ ಸಭೆ ಇದೇ ಮೂವತ್ತಕ್ಕೆ.

ಇನ್ನು ಆ ಹಳೆಯ ವಿಷಯ. ಬರೆಯಬಾರದು ಎಂದು ಮನೆಯಿಂದ ಹೊರಡುವಾಗಲೇ ನಿರ್ಧರಿಸಿದ್ದೆ, ಆದರೆ ಎದುರಿಗೆ ಕುಳಿತಿದ್ದರೂ ಹೇಳುತ್ತಿದ್ದೆನೇನೋ. ಹಲ್ಲಿನ ಡಾಕ್ಟರ ಹೊಸ ಕ್ಲಿನಿಕ್ಕಿಗೆ ನೀವಿಬ್ಬರೂ ಪೈಪು ಹಾಕಿದಿರಿ. ಭಾನುವಾರ ಯಾರೂ ಇಲ್ಲದ ಹೊತ್ತಿನಲ್ಲಿ ಜಾಯಿಂಟು ಬಿಟ್ಟು, ದಿನವಿಡೀ ನೀರು ಇಳಿದು, ಕೆಳಗಿನ ಫೋಟೋ ಸ್ಟುಡಿಯೋದವರ ನಲವತ್ತು ವರ್ಷದ ನೆಗೆಟಿವ್‌ಗಳು ಗಂಜಿಯಾದವು. ಊರಿನ ಅರ್ಧ ಮದುವೆಗಳು, ಎಷ್ಟೋ ಜನ ಸತ್ತವರ ಇದ್ದ ಒಂದೇ ಮುಖ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ಮನುಷ್ಯ ಅಂಗಡಿಯ ಮೆಟ್ಟಿಲ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತರು. ಜನ ಸೇರಿದ್ದರು. ಆಗ ನಿಮ್ಮಪ್ಪ, ಆ ಜಾಯಿಂಟು ನನ್ನ ಮಗಳು ಹಾಕಿದ್ದು ಎಂದರು. ನೀನು, ಬಲಗಡೇದು ನಾನು ಹಾಕಿದ್ದಲ್ಲಪ್ಪ, ನೀವು ಹಾಕಿದ್ದು ಎಂದೆ. ಮೂವತ್ತೈದು ವರ್ಷ ಒಂದು ಹನಿ ಸೋರದ ಹಾಗೆ ಕೆಲಸ ಮಾಡಿದವರ ಮುಂದೆ ನಿನ್ನ ಮಾತು ಯಾರು ನಂಬುತ್ತಾರೆ? ನಾನೂ ನಂಬಲಿಲ್ಲ. ಹೋಗಿ ತಪ್ಪಾಯ್ತು ಅಂದುಬಿಡು, ಚಿಕ್ಕವಳು, ಕ್ಷಮಿಸ್ತಾರೆ ಎಂದೆ. ನಾನೇ ನಿನ್ನ ಕೈ ಹಿಡಿದು ಸ್ಟುಡಿಯೋದವರ ಮನೆಗೆ ಕರೆದುಕೊಂಡು ಹೋದೆ. ನೀನು ನೆಲ ನೋಡುತ್ತಾ ತಪ್ಪಾಯ್ತು ಎಂದೆ. ಆಮೇಲೆ ಮಗಳನ್ನ ಕಳಿಸಬೇಡಿ, ನೀವೇ ಬನ್ನಿ ಎಂದು ಊರಿನವರು ಶುರು ಮಾಡಿದರು, ನೀನು ಪಾನಾ ಕೆಳಗಿಟ್ಟು ಮನೆ ಬಿಟ್ಟು ಹೊರಟೆ.

ತಪ್ಪು ಯಾರಿಂದ ಆಗುವುದಿಲ್ಲ ಹೇಳು. ಒಪ್ಪಿಕೊಂಡ ಮೇಲೆ ಅದು ಮುಗಿಯಬೇಕಿತ್ತು, ನೀನು ಮುಗಿಸಲಿಲ್ಲ. ನಿಮ್ಮಪ್ಪ ಆ ದಿನದ ಮೇಲೆ ಒಮ್ಮೆಯೂ ನಿನ್ನನ್ನು ಬೈಯಲಿಲ್ಲ, ಅದನ್ನಾದರೂ ನೀನು ಗಮನಿಸಬೇಕಿತ್ತು. ದೊಡ್ಡ ಕೆಲಸಗಳನ್ನೇ ಬಿಟ್ಟುಬಿಟ್ಟರು. ಮಗಳಿಲ್ಲದೆ ಅವರಿಗೆ ಕೈಯೇ ಓಡುತ್ತಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಸ್ಟುಡಿಯೋ ಇರುವ ಬೀದಿಯನ್ನು ತಪ್ಪಿಸಿ ಹಿಂದಿನ ಗಲ್ಲಿಯಿಂದ ಮನೆಗೆ ಬರುತ್ತಿದ್ದರು, ನಿನ್ನ ನೆನಪಾಗುತ್ತದೆ ಎಂದು. ಮಾರ್ಚಿನಲ್ಲಿ ನೀನು ಬಂದೆ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಒಂದು ಗಂಟೆ ಕೂತೆ, ನೀರೂ ಕುಡಿಯದೆ ಹೋದೆ. ಹತ್ತಿರ ಬಂದು ಮಾತಾಡಿಸೋಣ ಎಂದುಕೊಂಡೆ. ನನಗೂ ಸ್ವಲ್ಪ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಇದ್ದರೂ ಹೋಗುತ್ತದೆ ಎಂದು ನನಗೆ ನೀನು ಗೇಟು ದಾಟಿದ ಮೇಲೆ ಗೊತ್ತಾಯಿತು. ಕ್ಷಮಿಸಿಬಿಡು ಅವರನ್ನು, ಅವರು ನಿನ್ನನ್ನು ಕ್ಷಮಿಸಿದ ಹಾಗೆ.

ಇಲ್ಲಿಗೆ ಶನಿವಾರ ಬಂದೆ. ಕೊನೆಯ ಸಲವಾದರೂ ಒಮ್ಮೆ ಇದ್ದು ಹೋಗೋಣ ಎಂದು, ನಿನ್ನ ತಮ್ಮ ಬಸ್ಸು ಹತ್ತಿಸಿದ. ಆಫೀಸಿನ ಹುಡುಗಿ ಎಷ್ಟು ಜನ ಎಂದು ಕೇಳಿದಳು, ಬಾಯಿತಪ್ಪಿ ಇಬ್ಬರು ಎಂದೆ, ಎರಡು ಬೀಗದ ಕೈ ಕೊಟ್ಟಳು. ಒಂದನ್ನು ಹಿಂದಿರುಗಿಸಲು ನಾಚಿಕೆಯಾಗಿ ಹಾಗೇ ಇಟ್ಟುಕೊಂಡಿದ್ದೇನೆ. ಅಭ್ಯಾಸಬಲ ನೋಡು, ಅವರ ಸಾಮಾನಿನ ಚೀಲವನ್ನೂ ಹೊತ್ತು ತಂದಿದ್ದೇನೆ, ಇಷ್ಟು ಭಾರದ ಕಬ್ಬಿಣ, ಈ ಮಂಡಿಯಲ್ಲಿ. ತಳದಲ್ಲಿ ನಿನ್ನ ಚಿಕ್ಕ ಪಾನಾ ಇದೆ, ಹಿಡಿಗೆ ಕೆಂಪು ಟೇಪು ಸುತ್ತಿದ್ದು. ನೀನು ಬಿಟ್ಟುಹೋದದ್ದನ್ನು ಅವರು ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಒಂದೇ ಒಂದು ಚುಕ್ಕೆ ತುಕ್ಕಿಲ್ಲ. ಅದನ್ನು ನೋಡಿದಾಗ ಬಹಳ ಅತ್ತೆ. ನಿನ್ನೆಯಿಂದ ಅಡುಗೆ ಸಿಂಕಿನ ನಲ್ಲಿ ಸೋರಲು ಶುರುವಾಗಿದೆ, ಅವರು ಬರಲಿಲ್ಲ ಎಂದು ಅದಕ್ಕೂ ತಿಳಿದಿರಬೇಕು. ನಲ್ಲಿಯ ಬಾಯಿಗೆ ಬಟ್ಟಲು ಇಟ್ಟಿದ್ದೇನೆ, ಎರಡು ಗಂಟೆಗೊಮ್ಮೆ ತುಂಬುತ್ತದೆ. ಮ್ಯಾನೇಜರು ಆಳು ಕಳಿಸುತ್ತೇನೆ ಎಂದಿದ್ದಾರೆ, ಅವರ ಆಳು ಬರುವುದರೊಳಗೆ ನಾನು ಊರು ಸೇರಿರುತ್ತೇನೆ.

ಅಲ್ಲೇ ಯಾರಾದರೂ ನೋಟರಿಯ ಮುಂದೆ ಸಹಿ ಹಾಕಿ ವಕೀಲರ ವಿಳಾಸಕ್ಕೇ ಕಳಿಸು, ಅದು ಹಾಳೆಯ ಮೇಲೇ ಇದೆ. ನನಗೆ ಎರಡು ಸಾಲು ಬರೆದರೆ ಸಂತೋಷ, ಬರೆಯದಿದ್ದರೆ ನಿನ್ನ ಕೆಮ್ಮು ಹೇಗಿದೆ ಎಂದು ತಮ್ಮನಿಗಾದರೂ ಹೇಳು. ಹೊತ್ತುಹೊತ್ತಿಗೆ ಉಣ್ಣು, ಬೆಚ್ಚಗಿರು. ನಿನಗೆ ಒಳ್ಳೆಯದಾಗಲಿ, ನಿನ್ನ ಕೈ ಹಿಡಿದ ಕೆಲಸ ಯಾವುದೇ ಇರಲಿ ಅದು ನಿನ್ನನ್ನು ಕಾಯಲಿ.

ಇಂತು ನಿನ್ನ,
ಅಮ್ಮ

ತಾ.ಕ.: ಮೂರೂವರೆ ಗಂಟೆ. ಕೊರಿಯರಿನವನು ಗೇಟಿನ ಅಂಗಡಿಗೆ ಐದಕ್ಕೆ ಬರುತ್ತಾನೆ, ಇವತ್ತು ತಪ್ಪಿದರೆ ನಾಳೆ ಸಂಜೆ. ಅಕ್ಷರ ಸೊಟ್ಟಗಿದ್ದರೆ ಹೇಗೋ ಓದಿಕೊ, ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವ ಮೊದಲು ಸೋರುವ ನೀರನ್ನು ಕೆಳಗಿನ ವಾಲ್ವಿನಲ್ಲೇ ನಿಲ್ಲಿಸಿಬಿಡೋಣ ಎಂದು ಸಿಂಕಿನ ಬಾಗಿಲು ತೆಗೆದೆ. ಬಗ್ಗಲಾಗದೆ ನೆಲಕ್ಕೇ ಕೂತೆ. ಕೂತ ಮೇಲೆ ಏಳಲು ಭಯ, ಸರಿ ಎಂದು ಟಾರ್ಚ್ ಬೆಳಕು ಬಿಟ್ಟು ಓದುತ್ತಾ ಹೋದೆ. ಆರು ವರ್ಷದ ಹಿಂದಿನ ನವೆಂಬರಿನದು, ಅವರ ಕೈಬರಹ. ಇದ್ದ ಹಾಗೇ ಬರೆಯುತ್ತೇನೆ: ಸ್ಟುಡಿಯೋ ಮೇಲೆ ಬಿಟ್ಟ ಜಾಯಿಂಟು ನಂದು. ಮಗಳದ್ದಲ್ಲ. ಕಣ್ಣು ಸರಿಯಾಗಿ ಕಾಣ್ತಿರಲಿಲ್ಲ, ಕನ್ನಡಕ ಹಾಕಿದ್ರೆ ಕೆಲಸ ಕೊಡಲ್ಲ ಅಂತ ಹಾಕಿರಲಿಲ್ಲ. ಎಲ್ಲರ ಎದುರು ಅವಳ ಹೆಸರು ಹೇಳಿಬಿಟ್ಟೆ. ವಾಶರ್ ಬದಲಾಯಿಸಿದೆ. 47.

ಕೆಳಗೆ ನೀಲಿ ಶಾಯಿಯಲ್ಲಿ, ಯಜಮಾನರೇ, ಮಗಳಿಗೆ ಹೇಳಿದಿರಾ, 23ನೇ ವಾರ. ಅದರ ಕೆಳಗೆ ಮುಂದಿನ ನವೆಂಬರು, ಇನ್ನೂ ಇಲ್ಲ, 47. ಆಮೇಲೆ, ಹೇಳಿ, ತಡ ಮಾಡಬೇಡಿ, ನಾನು ತಡ ಮಾಡಿ ಕೆಟ್ಟೆ, 8ನೇ ವಾರ. ಪತ್ರ ಬರೆದೆ, ಡಬ್ಬಕ್ಕೆ ಹಾಕಲಿಲ್ಲ, 47. ಹೀಗೇ ಬಾಗಿಲ ತುಂಬ. ಮುಖ ನೋಡದ ಅಷ್ಟೊಂದು ಮನೆಗಳಿಗೆ ಗೊತ್ತಿತ್ತು ಮಗಳೇ, ನಿನಗೆ ಹೇಳಿ ಎಂದು ಅವರೆಲ್ಲ ಗೋಗರೆದಿದ್ದಾರೆ, ಮೂರು ಅಡಿ ದೂರದಲ್ಲಿ ಒಲೆಯ ಮುಂದೆ ನಿಂತಿದ್ದ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದರೂ ಪೂರ್ತಿ ನಿಜವಲ್ಲ. ಅವರು ಪೇಪರನ್ನು ದೂರ ಹಿಡಿದು ಓದುತ್ತಿದ್ದುದನ್ನು, ಸೂಜಿಗೆ ದಾರ ಪೋಣಿಸಿಕೊಡಲು ಆಗದೆ ಹೋದದ್ದನ್ನು ನೋಡಿದ್ದೆ. ನೋಡಿಯೂ ನಿನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತಪ್ಪಾಯ್ತು ಎನ್ನಿಸಿದೆ. ಮೇಲೆ ಬರೆದದ್ದನ್ನೆಲ್ಲ ಹರಿಯಬೇಕೆಂದುಕೊಂಡೆ. ಹರಿಯುವುದಿಲ್ಲ. ಇವತ್ತು ಮಧ್ಯಾಹ್ನದವರೆಗೂ ನಾನು ಏನು ನಂಬಿಕೊಂಡಿದ್ದೆ ಎಂದು ನಿನಗೆ ಗೊತ್ತಾಗಲಿ. ನಿನ್ನನ್ನು ಕ್ಷಮಿಸಿದರು ಎಂದು ಬರೆದ ಸಾಲನ್ನು ಮಾತ್ರ ಓದಬೇಡ, ಓದಿಯಾಗಿದ್ದರೆ ನನ್ನನ್ನು ಕ್ಷಮಿಸು. ತಪ್ಪಾಯ್ತು ಕಂದಾ.

ನನ್ನ ಸಹಿಯ ಹಾಳೆ ಹರಿದು ಬಟ್ಟಲಿಗೆ ಹಾಕಿದೆ, ನೀರಲ್ಲಿ ನೆನೆಯುತ್ತಿದೆ. ನಿನ್ನ ತಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ. ಊರಿಗೆ ಹೋದ ದಿನವೇ ಸ್ಟುಡಿಯೋದವರ ಮನೆಗೆ ಹೋಗಿ, ಅಂದು ಸೇರಿದ್ದವರಲ್ಲಿ ಎಷ್ಟು ಜನ ಸಿಗುತ್ತಾರೋ ಅಷ್ಟು ಜನರ ಮುಂದೆ ಹೇಳುತ್ತೇನೆ. ಸತ್ತವರ ಮರ್ಯಾದೆ ಎನ್ನುತ್ತಾರೆ, ಎನ್ನಲಿ, ಬದುಕಿರುವವಳದ್ದು ಮೊದಲು. ನಿನ್ನ ಹಾಳೆ ನಿನ್ನ ಹತ್ತಿರವೇ ಇರಲಿ, ಏನು ಬೇಕಾದರೂ ಮಾಡು, ನಾನು ಕೇಳುವುದಿಲ್ಲ.

ಮ್ಯಾನೇಜರ ಆಳು ಈಗ ಬಂದಿದ್ದ, ನಲ್ಲಿ ಮುಟ್ಟಬೇಡಪ್ಪ ಎಂದು ವಾಪಸ್ಸು ಕಳಿಸಿದೆ. ನಿನ್ನ ಪಾನಾ ಸಿಂಕಿನ ಪಕ್ಕ ತೆಗೆದಿಟ್ಟಿದ್ದೇನೆ. ಎರಡನೇ ಬೀಗದ ಕೈಯನ್ನು ಆಫೀಸಿನ ಹುಡುಗಿಗೆ ನಿನ್ನ ಹೆಸರು ಹೇಳಿ ಕೊಟ್ಟು ಬರುತ್ತೇನೆ. ಪತ್ರದಲ್ಲಿ ಹೆಸರಿರುವವಳು ನೀನು, ಯಾರನ್ನೂ ಕೇಳಬೇಕಾಗಿಲ್ಲ. ಹೋದ ವರ್ಷ ಅವರು ಕೊನೆಯದಾಗಿ, ಮುಂದಿನ ವರ್ಷ ಅವಳನ್ನೇ ಕರ್ಕೊಂಡು ಬರ್ತೀನಿ, ಟಾರ್ಚ್ ಅವಳೇ ಹಿಡೀಲಿ ಎಂದು ಬರೆದಿದ್ದಾರೆ. ಅದರ ಕೆಳಗೆ ಈ ವರ್ಷ ಯಾರೋ, ಬಂದಳಾ, 31ನೇ ವಾರ ಎಂದು ಕೇಳಿದ್ದಾರೆ. ಅಲ್ಲಿ ಜಾಗ ಇದೆ, ನಾನು ಏನೂ ಬರೆದಿಲ್ಲ. ಶನಿವಾರ ಬೆಳಿಗ್ಗೆ ಹತ್ತರವರೆಗೆ ಕೋಣೆ ನಮ್ಮದು.